ಗ್ರಾಂಟ್ ನಿಂತಿತು, ಬಾಡಿಗೆ ಬಾಕಿ ಬಿತ್ತು: ಎಲ್‌ಜಿಬಿಟಿ ಕೇಂದ್ರ ಮುಚ್ಚದಿರಲು ಏನು ಮಾಡಬೇಕು?

ಪ್ರಶ್ನೆ: ಒಂಬತ್ತು ವರ್ಷದಿಂದ ನಡೆದುಕೊಂಡು ಬಂದಿರುವ ಎಲ್‌ಜಿಬಿಟಿ ಸಮುದಾಯ ಕೇಂದ್ರವೊಂದರ ಖಜಾಂಚಿ ನಾನು. ನಮ್ಮ ಖರ್ಚಿನಲ್ಲಿ ನೂರಕ್ಕೆ ಅರವತ್ತು ಪಾಲನ್ನು ಒಂದೇ ಸಂಸ್ಥೆಯ ಗ್ರಾಂಟ್ ಹೊರುತ್ತಿತ್ತು. ಈ ಸಲ ಅದು ಮುಂದುವರಿಯಲಿಲ್ಲ. ಎರಡು ತಿಂಗಳ ಬಾಡಿಗೆ ಬಾಕಿ ಇದೆ. ಸಂಬಳದ ಮೇಲೆ ಮೂವರಿದ್ದಾರೆ, ಉಳಿದವರೆಲ್ಲ ಸ್ವಯಂಸೇವಕರು. ಬ್ಯಾಂಕಿನಲ್ಲಿ ಎರಡು ತಿಂಗಳಿಗೆ ಸಾಲುವಷ್ಟು ದುಡ್ಡಿದೆ ಅಂತ ಕೆಲವು ಟ್ರಸ್ಟಿಗಳು ಧೈರ್ಯ ಹೇಳುತ್ತಾರೆ, ಇನ್ನು ಕೆಲವರು ಈಗಲೇ ಮುಚ್ಚಿಬಿಡೋಣ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬ್ಯಾಂಕಿನ ಸ್ಟೇಟ್‌ಮೆಂಟಿನಿಂದ ಶುರು ಮಾಡಿ, ಆದರೆ ಅದರ ಕೊನೆಯ ಸಾಲಿನ ಅಂಕಿಯನ್ನು ನಂಬಬೇಡಿ. ಆ ಹಣದಲ್ಲಿ ಒಂದಿಷ್ಟು ನಿಮ್ಮದಲ್ಲ.

ಲೆಕ್ಕ ಯಾವ ನಾಣ್ಯದಲ್ಲಾದರೂ ಒಂದೇ, ಹಾಗಾಗಿ ನಿಮ್ಮ ತಿಂಗಳ ಖರ್ಚನ್ನು 100 ಎಂದು ಇಟ್ಟುಕೊಳ್ಳೋಣ. ನಿಮ್ಮಂಥ ಕೇಂದ್ರದಲ್ಲಿ ಅದು ಹೆಚ್ಚುಕಮ್ಮಿ ಹೀಗೆ ಹಂಚಿಹೋಗುತ್ತದೆ: ಸಂಬಳ 45, ಬಾಡಿಗೆ 32, ಕರೆಂಟು-ನೀರು-ಫೋನು-ಇಂಟರ್‌ನೆಟ್ 8, ಕಾರ್ಯಕ್ರಮಗಳಿಗೆ 9, ವಿಮೆ, ಆಡಿಟ್ ಇತ್ಯಾದಿಗೆ 6. ಗ್ರಾಂಟ್ ಹೋದ ಮೇಲೂ ಬರುವ ಆದಾಯ 40: ತಿಂಗಳ ದಾನಿಗಳಿಂದ 14, ಹಾಲ್ ಬಾಡಿಗೆಯಿಂದ 11, ಚಿಕ್ಕಪುಟ್ಟ ಅನುದಾನಗಳಿಂದ 15. ಬ್ಯಾಂಕಿನಲ್ಲಿ 210 ಇದೆ ಅಂದುಕೊಳ್ಳಿ. ಎರಡು ತಿಂಗಳಿಗೆ ಸಾಕು ಅನ್ನುವ ಟ್ರಸ್ಟಿಗಳು ನೋಡುತ್ತಿರುವುದು ಈ 210ನ್ನೇ.

ಈಗ ಒಂದೊಂದು ಗ್ರಾಂಟಿನ ಒಪ್ಪಂದಪತ್ರವನ್ನೂ ತೆಗೆದು, ಯಾವ ಹಣ ಯಾವ ಕೆಲಸಕ್ಕೆ ಎಂದು ಬರೆದು ಬಂದಿದೆಯೋ ಅದನ್ನು ಪಕ್ಕಕ್ಕಿಡಿ. ಯುವಜನರ ಆಪ್ತಸಮಾಲೋಚನೆಗೆಂದೇ ಬಂದದ್ದು, ಎಚ್‌ಐವಿ ಪರೀಕ್ಷೆಗೆಂದೇ ಬಂದದ್ದು ಇಂಥವು. ಅದು 90 ಆಯಿತು ಅಂದುಕೊಂಡರೆ, ನೀವು ಬಾಡಿಗೆಗೋ ಸಂಬಳಕ್ಕೋ ಮುಟ್ಟಬಹುದಾದ ಜನರಲ್ ಫಂಡ್ 120 ಮಾತ್ರ. (ಆ 90ರಿಂದ ನಡೆಯುವ ಕೆಲಸದ ನೇರ ಖರ್ಚು ಮೇಲಿನ 100ರಲ್ಲಿ ಸೇರಿಲ್ಲ.) ಕಷ್ಟಕ್ಕೆ ಬಿದ್ದ ಕೇಂದ್ರಗಳು ಮಾಡುವ ಅತಿ ದುಬಾರಿ ತಪ್ಪು ನಡೆಯುವುದು ಇಲ್ಲಿಯೇ. "ಸದ್ಯಕ್ಕೆ ತೆಗೆದುಕೊಳ್ಳೋಣ, ಆಮೇಲೆ ತುಂಬೋಣ" ಎಂದು ಪ್ರಾಜೆಕ್ಟ್ ಹಣದಲ್ಲಿ ಬಾಡಿಗೆ ಕಟ್ಟುತ್ತಾರೆ. ತುಂಬುವ ದಿನ ಬರುವುದಿಲ್ಲ. ಲೆಕ್ಕ ಕೊಡುವ ದಿನ ಬರುತ್ತದೆ. ಹಣ ಕೊಟ್ಟವರು ವಾಪಸು ಕೇಳಬಹುದು, ಟ್ರಸ್ಟಿಗಳು ಸ್ವಂತ ಜೇಬಿನಿಂದ ಹೊಣೆ ಹೊರಬೇಕಾಗಬಹುದು, ಮುಂದೆ ಯಾರೂ ಹಣ ಕೊಡದ ಹಾಗೂ ಆಗಬಹುದು.

ಕದ್ದು ಮುಟ್ಟುವ ಬದಲು ಕೇಳಿ. ಗ್ರಾಂಟ್ ಕೊಟ್ಟವರಿಗೆ ಒಂದು ಪುಟದ ಪತ್ರ ಬರೆಯಿರಿ: ಉಳಿದಿರುವುದು ಇಷ್ಟು, ಅದರಲ್ಲಿ ಇಷ್ಟನ್ನು ಈ ಎರಡು ತಿಂಗಳ ಬಾಡಿಗೆ ಮತ್ತು ಸಂಬಳಕ್ಕೆ ಬಳಸಲು ಲಿಖಿತ ಅನುಮತಿ ಬೇಕು, ಉಳಿದ ಕೆಲಸ ಇಂಥ ದಿನಾಂಕದೊಳಗೆ ಮುಗಿಸುತ್ತೇವೆ. ಖರ್ಚು ಮಾಡುವ ಮುಂಚೆ ಕೇಳಿದರೆ ಒಪ್ಪುವವರು ನೀವು ಎಣಿಸಿದ್ದಕ್ಕಿಂತ ಹೆಚ್ಚು. 2020ರಲ್ಲಿ ಕೋವಿಡ್ ಬಂದಾಗ ಹಲವು ಪ್ರತಿಷ್ಠಾನಗಳು ಇಂಥ ಷರತ್ತುಗಳನ್ನು ಸಡಿಲಿಸಿದ್ದವು. 90ರಲ್ಲಿ 30ಕ್ಕೆ ಒಪ್ಪಿಗೆ ಸಿಕ್ಕಿದರೂ ನಿಮಗೆ ಎಷ್ಟು ಕಾಲಾವಕಾಶ ಸಿಗುತ್ತದೆ ಎಂಬುದನ್ನು ಮುಂದೆ ನೋಡುತ್ತೀರಿ.

ಎರಡನೆಯ ಕೆಲಸ ಹದಿಮೂರು ವಾರಗಳ ನಗದು ಪಟ್ಟಿ. ಬಜೆಟ್ ಬೇರೆ, ಇದು ಬೇರೆ. ಬಜೆಟ್ ವರ್ಷದ ಮಾತು ಹೇಳುತ್ತದೆ, ಈ ಪಟ್ಟಿ ಯಾವ ವಾರ ದುಡ್ಡು ಮುಗಿಯುತ್ತದೆ ಎಂದು ಹೇಳುತ್ತದೆ. ಒಂದು ಹಾಳೆಯಲ್ಲಿ ಅಡ್ಡಕ್ಕೆ ಹದಿಮೂರು ವಾರ. ಕೆಳಗೆ ವಾರದ ಆರಂಭದ ಶಿಲ್ಕು, ಒಳಬರುವುದು, ಹೊರಹೋಗುವುದು, ಕೊನೆಯ ಶಿಲ್ಕು. ಒಳಬರುವ ಸಾಲಿಗೆ ಬರಹದಲ್ಲಿ ಒಪ್ಪಿಗೆಯೂ ದಿನಾಂಕವೂ ಇರುವ ಹಣ ಮಾತ್ರ ಸೇರಬೇಕು. "ಕೊಡ್ತೀವಿ ಅಂದಿದ್ದಾರೆ" ಅನ್ನುವಂಥದ್ದನ್ನು ತಳದಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ, ಮೊತ್ತಕ್ಕೆ ಕೂಡಿಸಬೇಡಿ. ಮೊದಲು ನೀವು ಖರ್ಚು ಮಾಡಿ ಆಮೇಲೆ ಬಿಲ್ಲು ಕಳಿಸಿದರೆ ಮರುಪಾವತಿಸುವ ಸರ್ಕಾರಿ ಅನುದಾನವಿದ್ದರೆ, ಅದು ನಿಜವಾಗಿ ಖಾತೆಗೆ ಬೀಳುವ ವಾರದಲ್ಲಿ ಹಾಕಿ. ಕಾಗದದ ಮೇಲೆ ಲಾಭದಲ್ಲಿದ್ದ ಸಂಸ್ಥೆಗಳು ಸಂಬಳ ಕೊಡಲಾಗದೆ ನಿಲ್ಲುವುದು ಬಹಳ ಸಲ ಈ ಮರುಪಾವತಿಯ ಅಂತರದಲ್ಲೇ.

ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. ಸರಾಸರಿ ಲೆಕ್ಕದಲ್ಲಿ ತಿಂಗಳಿಗೆ 60 ಕೊರತೆ, ಕೈಯಲ್ಲಿ 120, ಅಂದರೆ ಎರಡು ತಿಂಗಳು ಸಲೀಸು. ಆದರೆ ಬಾಡಿಗೆ ಮತ್ತು ಸಂಬಳ ಸೇರಿ 77 ತಿಂಗಳ ಮೊದಲ ವಾರದಲ್ಲೇ ಹೋಗುತ್ತದೆ. ಬರುವ 40 ತಿಂಗಳಿಡೀ ಚದುರಿ ಬರುತ್ತದೆ. ಮೊದಲ ವಾರ 120ರಲ್ಲಿ 77 ಹೋಗಿ 43. ತಿಂಗಳ ಕೊನೆಗೆ ಉಳಿದ ಖರ್ಚು 23 ಕಳೆದು, ಆದಾಯ 40 ಕೂಡಿ, 60. ಐದನೇ ವಾರ ಮತ್ತೆ 77 ಕಟ್ಟಬೇಕು, ಶಿಲ್ಕು ಸೊನ್ನೆಗಿಂತ 17 ಕೆಳಗೆ. ಬಾಡಿಗೆ ಬಾಕಿ 64ನ್ನು ಮುಟ್ಟದೆ ಬಿಟ್ಟರೂ ಪರಿಸ್ಥಿತಿ ಇದು. ಎರಡು ತಿಂಗಳಿದೆ ಎಂದುಕೊಂಡವರಿಗೆ ನಿಜವಾಗಿ ಇರುವುದು ನಾಲ್ಕು ವಾರ. ಈ ಹಾಳೆಯನ್ನು ಟ್ರಸ್ಟಿಗಳ ಮುಂದಿಟ್ಟರೆ ಅರ್ಧ ವಾದ ಅಲ್ಲಿಗೇ ನಿಲ್ಲುತ್ತದೆ.

ಪಟ್ಟಿಗೆ ಇನ್ನೊಂದು ಅಂಕಿ ಬೇಕು, ಅದನ್ನು ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ: ಮರ್ಯಾದೆಯಿಂದ ಮುಚ್ಚಲು ತಗಲುವ ಖರ್ಚು. ಒಂದು ತಿಂಗಳ ನೋಟಿಸ್ ಸಂಬಳ, ಒಂದು ತಿಂಗಳ ಬಾಡಿಗೆ, ಕೊನೆಯ ಆಡಿಟ್ ಮತ್ತು ದಾಖಲೆಗಳ ವಿಲೇವಾರಿಗೆ 8. ಈಗಿನ ಲೆಕ್ಕದಲ್ಲಿ 85. ಜನರಲ್ ಫಂಡ್ ಈ ಅಂಕಿಗಿಂತ ಕೆಳಗಿಳಿದ ಮೇಲೆ ಕೇಂದ್ರ ನಡೆಯುವುದು ನಿಮ್ಮ ಸಿಬ್ಬಂದಿಗೆ ಕೊಡಬೇಕಾದ ಹಣದಲ್ಲಿ. ಹಾಗಾಗಿ "ಯಾವಾಗ ತೀರ್ಮಾನ ಮಾಡಬೇಕು" ಎಂಬ ಪ್ರಶ್ನೆಗೆ ಉತ್ತರವನ್ನು ಮನಸ್ಸು ಕೊಡಬಾರದು, ಪಟ್ಟಿ ಕೊಡಬೇಕು.

ಯಾರಿಗೆ ಮೊದಲು ಕೊಡಬೇಕು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಸಂಬಳ, ಸಂಬಳದಿಂದ ಹಿಡಿದ ತೆರಿಗೆ ಮತ್ತು ಪಿಂಚಣಿ ವಂತಿಗೆ ಮೊದಲು. ಹಿಡಿದ ತೆರಿಗೆ ನಿಮ್ಮ ದುಡ್ಡೇ ಅಲ್ಲ. ಅದನ್ನು ತಿರುಗಿಸಿ ಬಳಸಿದರೆ ಬಹಳ ದೇಶಗಳಲ್ಲಿ ಸಹಿ ಹಾಕಿದವರೇ ಸಿಕ್ಕಿಬೀಳುತ್ತಾರೆ. ಇಂಥ ಕೇಂದ್ರಗಳಲ್ಲಿ ದುಡಿಯುವವರಲ್ಲಿ ಅನೇಕರು ಸಮುದಾಯದವರೇ. ಒಂದು ತಿಂಗಳ ಸಂಬಳ ತಪ್ಪಿದರೆ ತವರಿಗೋ ಅಣ್ಣನ ಮನೆಗೋ ಹೋಗಿ ಇರುವ ದಾರಿ ಅವರಲ್ಲಿ ಎಷ್ಟೋ ಜನರಿಗಿಲ್ಲ. ಎರಡನೆಯದು ವಿಮೆ. ಕಂತು ತಪ್ಪಿ ವಿಮೆ ಬಿದ್ದುಹೋದರೆ ಹಾಲ್ ಬಾಡಿಗೆಗೆ ಕೊಡುವುದೂ ನಿಲ್ಲುತ್ತದೆ, ಇರುವ 11ಕ್ಕೂ ಕುತ್ತು. ಬಾಡಿಗೆ ಅದರ ನಂತರ, ಯಾಕೆಂದರೆ ಅಲ್ಲಿ ಮಾತುಕತೆಗೆ ಜಾಗವಿದೆ.

ಮನೆ ಮಾಲೀಕರನ್ನು ಮೂರನೇ ತಿಂಗಳು ತಪ್ಪುವ ಮುಂಚೆ ನೀವಾಗಿಯೇ ಹೋಗಿ ನೋಡಿ. ಬರಿಗೈಯಲ್ಲಿ ಹೋಗಿ ಕಷ್ಟ ಹೇಳಿಕೊಂಡರೆ ಕನಿಕರ ಸಿಗಬಹುದು, ರಿಯಾಯಿತಿ ಸಿಗುವುದಿಲ್ಲ. ಬರೆದುಕೊಂಡು ಹೋಗಿ: ಮುಂದಿನ ತಿಂಗಳಿನಿಂದ ಚಾಲ್ತಿ ಬಾಡಿಗೆ ತಪ್ಪದೆ ಕಟ್ಟುತ್ತೇವೆ, ಬಾಕಿ 64ನ್ನು ಎಂಟು ಕಂತಿನಲ್ಲಿ ತಿಂಗಳಿಗೆ 8ರಂತೆ ತೀರಿಸುತ್ತೇವೆ, ಹಿಂದಿನ ಎರಡು ಕೋಣೆ ಬಿಟ್ಟುಕೊಡುತ್ತೇವೆ, ಬಾಡಿಗೆ 32ರಿಂದ 20ಕ್ಕೆ ಇಳಿಸಿ. ಖಾಲಿ ಕಟ್ಟಡಕ್ಕೆ ಹೊಸ ಬಾಡಿಗೆದಾರ ಸಿಗಲು ಅವರಿಗೂ ತಿಂಗಳುಗಳು ಬೇಕು. ಒಪ್ಪಿದ್ದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಹಳೆಯ ಕರಾರಿಗೆ ತಿದ್ದುಪಡಿ ಬರೆಸಿ ಇಬ್ಬರೂ ಸಹಿ ಹಾಕಿ. ಹೋಗುವ ಮುಂಚೆ ಕರಾರಿನಲ್ಲಿ ಮೂರು ವಿಷಯ ಓದಿಕೊಳ್ಳಿ: ಉಪಬಾಡಿಗೆ ಕೊಡಬಹುದೇ, ಅವಧಿಗೆ ಮುಂಚೆ ಬಿಡಲು ಎಷ್ಟು ನೋಟಿಸ್, ಯಾರಾದರೂ ಟ್ರಸ್ಟಿ ವೈಯಕ್ತಿಕ ಜಾಮೀನು ಹಾಕಿದ್ದಾರೆಯೇ. ಮೂರನೆಯದು ಇದ್ದರೆ ಆ ಟ್ರಸ್ಟಿ ಸಭೆಯಲ್ಲಿ ಆಡುವ ಮಾತಿನ ಹಿಂದೆ ಆ ಭಯವೂ ಇರುತ್ತದೆ. ಅದನ್ನು ಮೊದಲೇ ಬಾಯಿಬಿಟ್ಟು ಹೇಳಿಕೊಂಡರೆ ಎಲ್ಲರಿಗೂ ಒಳ್ಳೆಯದು.

ಇನ್ನು ಸೇವೆಗಳ ಕಡಿತ. ಪ್ರತಿ ಚಟುವಟಿಕೆಯ ಮುಂದೆ ಮೂರು ಪ್ರಶ್ನೆ ಬರೆಯಿರಿ: ಎಷ್ಟು ಜನ ಬರುತ್ತಾರೆ, ಪೂರ್ತಿ ಖರ್ಚೆಷ್ಟು, ಇದು ಬೇರೆ ಎಲ್ಲಾದರೂ ಸಿಗುತ್ತದೆಯೇ. ಪೂರ್ತಿ ಖರ್ಚು ಅನ್ನುವಲ್ಲಿ ಎಚ್ಚರ ಬೇಕು. ಒಂದು ಪ್ರಾಜೆಕ್ಟ್ 10 ತರುತ್ತದೆ, 10 ಖರ್ಚು ಮಾಡುತ್ತದೆ, ಸರಿಸಮ ಅನಿಸುತ್ತದೆ. ಆದರೆ ಅದಕ್ಕೆ ಸಂಯೋಜಕರ ವಾರದ ಒಂದು ದಿನ, ಒಂದು ಕೋಣೆ, ಲೆಕ್ಕ ಬರೆಯುವವರ ಎರಡು ಗಂಟೆ ಹೋಗುತ್ತಿದ್ದರೆ, ಅದು 14ರ ಕೆಲಸ. ಆ 4 ನಿಮ್ಮ ಜನರಲ್ ಫಂಡಿನಿಂದ ಸದ್ದಿಲ್ಲದೆ ಸೋರುತ್ತಿದೆ. ಅಂಥ ಪ್ರಾಜೆಕ್ಟಿಗೆ ಹಣ ಕೊಡುವವರನ್ನು ಆಡಳಿತ ವೆಚ್ಚದ ಪಾಲು ಕೇಳಿ, ಕೊಡದಿದ್ದರೆ ಮುಂದಿನ ಸುತ್ತಿನಲ್ಲಿ ಬಿಡಿ.

ಬೇರೆಲ್ಲೂ ಸಿಗದದ್ದನ್ನು ಉಳಿಸಿ. ಟ್ರಾನ್ಸ್ ಜನರ ಗುಂಪು, ಮನೆಯಿಂದ ಹೊರಬಿದ್ದ ಹುಡುಗ-ಹುಡುಗಿಯರಿಗೆ ಆಸರೆ ಹುಡುಕಿಕೊಡುವ ಕೆಲಸ, ಫೋನ್ ಸಹಾಯವಾಣಿ, ಸುಮ್ಮನೆ ಬಂದು ಕೂರಬಹುದಾದ ಸಂಜೆಯ ಹೊತ್ತು. ಈ ಕೊನೆಯದನ್ನು ಮೊದಲು ಕತ್ತರಿಸುವ ಕೇಂದ್ರಗಳೇ ಹೆಚ್ಚು, ಏಕೆಂದರೆ ವರದಿಯಲ್ಲಿ ಬರೆಯಲು ಅದರಲ್ಲಿ ಏನೂ ಇರುವುದಿಲ್ಲ. ಆದರೆ ಉಳಿದ ಎಲ್ಲ ಸೇವೆಗೂ ಜನ ಬರುವುದು ಆ ಬಾಗಿಲಿನಿಂದಲೇ. ದೊಡ್ಡ ಸಮಾರಂಭ, ಪ್ರಶಸ್ತಿ ಸಂಜೆ, ಎರಡು ತಿಂಗಳ ದುಡಿಮೆ ನುಂಗಿ ಖರ್ಚಿನಷ್ಟೇ ಗಳಿಸುವ ಕಾರ್ಯಕ್ರಮಗಳನ್ನು ಈ ವರ್ಷ ಕೈಬಿಡಿ.

ಗಂಟೆಗಳನ್ನು ಕಡಿಮೆ ಮಾಡಬೇಕಾದರೆ ಒಂದೇ ಸಲ ಕಡಿಮೆ ಮಾಡಿ, ಆಮೇಲೆ ಕದಲಿಸಬೇಡಿ. ವಾರಕ್ಕೆ ಆರು ದಿನ ಇದ್ದದ್ದು ನಾಲ್ಕು ದಿನ ಆದರೂ ಪರವಾಗಿಲ್ಲ, ಆ ನಾಲ್ಕು ದಿನ ಹೇಳಿದ ಹೊತ್ತಿಗೆ ಬಾಗಿಲು ತೆರೆದಿರಬೇಕು. ತಿಂಗಳುಗಟ್ಟಲೆ ವಿಳಾಸವನ್ನು ಫೋನಿನಲ್ಲಿಟ್ಟುಕೊಂಡು, ಎರಡು ಸಲ ಎದುರಿನ ಫುಟ್‌ಪಾತಿನಲ್ಲೇ ಹಾದುಹೋಗಿ, ಮೂರನೇ ಸಲ ಧೈರ್ಯ ಮಾಡಿ ಮೆಟ್ಟಿಲು ಹತ್ತುವವರಿರುತ್ತಾರೆ. ಅವರಿಗೆ ಬೀಗ ಎದುರಾದರೆ ನಾಲ್ಕನೇ ಸಲ ಇಲ್ಲ. ಹೊಸ ವೇಳೆಯನ್ನು ಬಾಗಿಲಿಗೆ ಅಂಟಿಸಿ, ಜೊತೆಗೆ ಮುಚ್ಚಿರುವ ಹೊತ್ತಿನಲ್ಲಿ ಕರೆಯಬಹುದಾದ ನಂಬರನ್ನೂ ಬರೆಯಿರಿ.

ಸಿಬ್ಬಂದಿಯ ಸಂಬಳ 45ರಿಂದ 34ಕ್ಕೆ ಇಳಿಯಬೇಕಾದರೆ ಅವರ ಕೆಲಸದ ಗಂಟೆಯೂ ಕಾಲು ಭಾಗ ಇಳಿಯಬೇಕು, ಅವರ ಲಿಖಿತ ಒಪ್ಪಿಗೆ ಬೇಕು, ಮತ್ತು ಇಂಥ ತಿಂಗಳು ಮರುಪರಿಶೀಲನೆ ಎಂದು ದಿನಾಂಕ ಹಾಕಬೇಕು. ಮುಕ್ಕಾಲು ಸಂಬಳಕ್ಕೆ ಪೂರ್ತಿ ಕೆಲಸ ಕೇಳಿದರೆ ಒಳ್ಳೆಯವರು ಮೊದಲು ಹೋಗುತ್ತಾರೆ. ಸಮಾಲೋಚಕರ ಜಾಗಕ್ಕೆ ತರಬೇತಿಯಿಲ್ಲದ ಸ್ವಯಂಸೇವಕರನ್ನು ಕೂರಿಸಬೇಡಿ. ಆತ್ಮಹತ್ಯೆಯ ಮಾತಾಡುವ ಕರೆಯೊಂದು ಬಂದಾಗ ಅವರೂ ಕುಸಿಯುತ್ತಾರೆ, ಕರೆದವರೂ ಕೈತಪ್ಪುತ್ತಾರೆ.

ದುಡ್ಡು ತರುವ ವಿಷಯಕ್ಕೆ ಬಂದರೆ, ಹೊಸ ಗ್ರಾಂಟ್ ಅರ್ಜಿಗಳ ಮೇಲೆ ಈ ಹದಿಮೂರು ವಾರದಲ್ಲಿ ಭರವಸೆ ಇಡಬೇಡಿ. ಅರ್ಜಿಯಿಂದ ಹಣ ಬರುವವರೆಗೆ ಆರು ತಿಂಗಳು ಹಿಡಿಯುವುದು ಸಾಮಾನ್ಯ. ಬೇಗ ಬರುವುದು ನಿಮ್ಮನ್ನು ಈಗಾಗಲೇ ಬಲ್ಲವರಿಂದ. ಮೊದಲು ತಿಂಗಳ ದಾನಿಗಳ ಪಟ್ಟಿ ತೆಗೆದು, ಕಳೆದ ಒಂದು ವರ್ಷದಲ್ಲಿ ನಿಂತುಹೋದವರನ್ನು ಗುರುತು ಮಾಡಿ. ಅವರಲ್ಲಿ ಎಷ್ಟೋ ಜನ ಬೇಕೆಂದು ನಿಲ್ಲಿಸಿರುವುದಿಲ್ಲ. ಕಾರ್ಡಿನ ಅವಧಿ ಮುಗಿದಿರುತ್ತದೆ, ಬ್ಯಾಂಕಿನ ಅನುಮತಿ ರದ್ದಾಗಿರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ಅವರಿಗೊಂದು ಕರೆ ಎಲ್ಲಕ್ಕಿಂತ ಅಗ್ಗದ ನಿಧಿಸಂಗ್ರಹ. ಆಮೇಲೆ ಹೆಚ್ಚು ಕೊಡುತ್ತಿದ್ದ ಮೂವತ್ತು ಜನರಿಗೆ ಟ್ರಸ್ಟಿಗಳೇ ಹಂಚಿಕೊಂಡು ಕರೆ ಮಾಡಲಿ. ಸಾರ್ವಜನಿಕ ಮನವಿ ಹೊರಬೀಳುವ ಮುಂಚೆ ಇದು ಮುಗಿದಿರಬೇಕು. ಹತ್ತಿರದವರಿಗೆ ಸುದ್ದಿ ಹೊರಗಿನಿಂದ ಗೊತ್ತಾಗಬಾರದು.

ಕರೆ ಮಾಡುವಾಗ ನಮ್ಮ ಕ್ಷೇತ್ರದ ಒಂದು ಸೂಕ್ಷ್ಮ ಮರೆಯಬಾರದು. ನಿಮ್ಮ ದಾನಿಗಳಲ್ಲಿ ಕೆಲವರು ಮನೆಯಲ್ಲಿ, ಕಚೇರಿಯಲ್ಲಿ ತಮ್ಮ ಬಗ್ಗೆ ಹೇಳಿಕೊಂಡಿಲ್ಲ. ಫೋನ್ ಎತ್ತಿದ ಕೂಡಲೇ ಕೇಂದ್ರದ ಹೆಸರು ಹೇಳಬೇಡಿ, ನಿಮ್ಮ ಹೆಸರು ಹೇಳಿ, "ಈಗ ಮಾತಾಡಬಹುದಾ?" ಎಂದು ಕೇಳಿ. ಲಕೋಟೆಯ ಹೊರಗೆ ಕೇಂದ್ರದ ಹೆಸರೂ ಕಾಮನಬಿಲ್ಲೂ ಬೇಡ. ಮನವಿಯ ಇಮೇಲನ್ನು ಎಲ್ಲರ ವಿಳಾಸ ಎಲ್ಲರಿಗೂ ಕಾಣುವಂತೆ ಕಳಿಸಿದರೆ ಒಂದೇ ಕ್ಲಿಕ್ಕಿಗೆ ನೂರಾರು ಜನರ ಗುಟ್ಟು ಬಯಲಾಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನಿಮ್ಮ ಸಂಸ್ಥೆಯ ಹೆಸರು ಹೇಗೆ ಕಾಣುತ್ತದೆ ಎಂಬುದನ್ನು ದಾನಿಗೆ ಮೊದಲೇ ತಿಳಿಸಿ. ದಾನಿಗಳ ಪಟ್ಟಿ ಪ್ರಕಟಿಸುವುದಾದರೆ ಹೆಸರು ಹಾಕಲು ಒಪ್ಪಿದವರದು ಮಾತ್ರ.

ಮನವಿಯಲ್ಲಿ ಮೂರು ಸಂಗತಿ ಇರಲಿ: ಎಷ್ಟು ಬೇಕು, ಯಾವ ದಿನದೊಳಗೆ, ಅದರಿಂದ ಏನು ಉಳಿಯುತ್ತದೆ. ಮೊತ್ತವನ್ನು ಮೇಲಿನ ಪಟ್ಟಿಯಿಂದಲೇ ತೆಗೆಯಿರಿ. ಎರಡನೇ ತಿಂಗಳಿನಿಂದ ಬಾಡಿಗೆ 20, ಸಂಬಳ 34, ಉಳಿದ ಖರ್ಚು 23ರಿಂದ 17ಕ್ಕೆ ಇಳಿಯಿತು, ಬಾಕಿಯ ಕಂತು 8, ಒಟ್ಟು 79. ದಾನಿಗಳಿಂದ 7, ಹಗಲು ಖಾಲಿ ಬಿದ್ದಿರುವ ಹಾಲಿನಿಂದ 5 ಹೆಚ್ಚಿ ಆದಾಯ 52. ಗ್ರಾಂಟ್ ಕೊಟ್ಟವರು 30ಕ್ಕೆ ಒಪ್ಪಿದ್ದಾರೆ. ಆಗ ಮೊದಲ ತಿಂಗಳ ಕೊನೆಗೆ 60ರ ಬದಲು 90, ಎರಡನೆಯ ತಿಂಗಳ ಕೊನೆಗೆ 63, ಮೂರನೆಯದರ ಕೊನೆಗೆ 36. ಹದಿಮೂರನೇ ವಾರದಲ್ಲಿ ಸಂಬಳ 34, ಬಾಡಿಗೆ 20, ಬಾಕಿಯ ಕಂತು 8, ಒಟ್ಟು 62 ಕಟ್ಟಬೇಕು, ಕೈಯಲ್ಲಿ ಅಷ್ಟಿಲ್ಲ. ಮುಚ್ಚುವ ಖರ್ಚೂ ಈಗ 34, 20 ಮತ್ತು 8 ಸೇರಿ 62ಕ್ಕೆ ಇಳಿದಿದೆ. ಎಂಟನೇ ವಾರದ ಕೊನೆಗೆ ನಿಮ್ಮಲ್ಲಿರುವುದು 63. ಹಾಗಾದರೆ ತೀರ್ಮಾನದ ದಿನ ಎಂಟನೇ ವಾರದ ಕೊನೆ, ಒಂದು ದಿನವೂ ಆಚೆಗಿಲ್ಲ. ಮನವಿಯಿಂದ ಆ ದಿನದೊಳಗೆ 80 ಬಂದರೆ ಆರನೇ ತಿಂಗಳ ಕೊನೆಯವರೆಗೆ ಬಾಗಿಲು ತೆರೆದಿರುತ್ತದೆ, ಆಗ ಈಗ ಹಾಕುವ ಗ್ರಾಂಟ್ ಅರ್ಜಿಗಳಿಗೆ ಉತ್ತರ ಬರುವ ಹೊತ್ತು. "ನಮ್ಮನ್ನು ಉಳಿಸಿ" ಎನ್ನುವುದಕ್ಕಿಂತ "ಇಂಥ ದಿನದೊಳಗೆ 80 ಬಂದರೆ ವಾರಕ್ಕೆ ನಾಲ್ಕು ದಿನ, ಆರನೇ ತಿಂಗಳ ಕೊನೆಯವರೆಗೆ" ಎನ್ನುವುದಕ್ಕೆ ಜನ ಕೊಡುತ್ತಾರೆ. ಮುಚ್ಚುತ್ತೇವೆ ಎಂಬ ಮಾತನ್ನು ನಿಜವಿದ್ದಾಗ ಮಾತ್ರ ಬಳಸಿ, ಅದು ಒಂದೇ ಸಲ ಕೆಲಸ ಮಾಡುತ್ತದೆ.

ಹಾಲ್ ಬಾಡಿಗೆಗೆ ಕೊಡುವಾಗ ಸಮುದಾಯದ ಗುಂಪುಗಳಿಗೆ ಅರ್ಧ ದರ, ಹೊರಗಿನವರಿಗೆ ಪೂರ್ತಿ ದರ ಇಡಿ. ಯೋಗ ತರಗತಿ, ನಾಟಕದ ತಾಲೀಮು, ಇತರ ಸಂಘಗಳ ಸಭೆ ಎಲ್ಲವೂ ಸರಿ. ಆದರೆ ಫೋಟೋ-ವಿಡಿಯೊ ನಿಷೇಧ ಕರಾರಿನಲ್ಲೇ ಇರಲಿ, ಸಂಜೆಯ ತೆರೆದ ಹೊತ್ತಿಗೆ ಅಡ್ಡ ಬರುವ ಬುಕಿಂಗ್ ಎಷ್ಟೇ ದೊಡ್ಡದಾದರೂ ಬೇಡ. ನ್ಯೂಯಾರ್ಕಿನ ಸಮುದಾಯ ಕೇಂದ್ರ 1983ರಲ್ಲಿ ಶುರುವಾಗಿ ಒಂದು ಹಳೆಯ ಶಾಲಾ ಕಟ್ಟಡದಲ್ಲಿ ನೆಲೆಯಾಯಿತು, ಹಲವಾರು ಗುಂಪುಗಳು ಅಲ್ಲಿನ ಕೋಣೆಗಳನ್ನು ಹಂಚಿಕೊಂಡವು. ಏಡ್ಸ್ ವಿರುದ್ಧ ಬೀದಿಗಿಳಿದ ಆ್ಯಕ್ಟ್ ಅಪ್ ಚಳವಳಿ 1987ರಲ್ಲಿ ಹುಟ್ಟಿದ್ದು ಅಲ್ಲಿನ ಒಂದು ಸಭೆಯಿಂದ. ಹಂಚಿಕೊಂಡ ಕೋಣೆ ಕೇಂದ್ರವನ್ನು ದುರ್ಬಲಗೊಳಿಸುತ್ತದೆ ಎಂದು ಹೆದರುವ ಟ್ರಸ್ಟಿಗಳಿಗೆ ಇದನ್ನು ಹೇಳಿ.

ಕಂಪನಿಗಳ ದುಡ್ಡು ಎಲ್‌ಜಿಬಿಟಿ ಮೆರವಣಿಗೆ-ಉತ್ಸವಗಳು ನಡೆಯುವ ಪ್ರೈಡ್ ತಿಂಗಳ ಸುತ್ತ ಗುಂಪುಗಟ್ಟಿ ಬರುತ್ತದೆ, ರಾಜಕೀಯದ ಗಾಳಿ ಬದಲಾದರೆ ಮೊದಲು ಹಿಂದೆ ಸರಿಯುವುದೂ ಅದೇ. 2025ರಲ್ಲಿ ಅಮೆರಿಕದ ಹಲವು ಪ್ರೈಡ್ ಸಂಘಟನೆಗಳು ಅದನ್ನು ಅನುಭವಿಸಿದವು. ತೆಗೆದುಕೊಳ್ಳಿ, ಆದರೆ ಬಾಡಿಗೆಯನ್ನು ಅದರ ಮೇಲೆ ನಿಲ್ಲಿಸಬೇಡಿ. ಸಹಿಯ ದಿನವೇ ಅರ್ಧ ಹಣ ಕೇಳಿ. ಒಂದೇ ಕಂಬದ ಮೇಲೆ ನಿಂತ ಕೇಂದ್ರಗಳ ಗತಿ ನಮ್ಮ ಕಣ್ಣ ಮುಂದಿದೆ. ಲಂಡನ್ನಿನ ಲೆಸ್ಬಿಯನ್ ಆ್ಯಂಡ್ ಗೇ ಸೆಂಟರ್ ಆಗಿನ ನಗರಾಡಳಿತವಾಗಿದ್ದ ಗ್ರೇಟರ್ ಲಂಡನ್ ಕೌನ್ಸಿಲ್‌ನ ಹಣದಿಂದ 1985ರಲ್ಲಿ ತೆರೆಯಿತು. ಮರುವರ್ಷವೇ ಆ ಕೌನ್ಸಿಲ್ಲೇ ರದ್ದಾಯಿತು, ಕೇಂದ್ರ ಕೆಲವು ವರ್ಷ ತೆವಳಿ 1990ರ ದಶಕದ ಆರಂಭದಲ್ಲಿ ಮುಚ್ಚಿತು. 2021ರಲ್ಲಿ ಹೈದರಾಬಾದಿನಲ್ಲಿ ಟ್ರಾನ್ಸ್ ಜನರಿಗಾಗಿ ಆರಂಭವಾದ ಮಿತ್ರ್ ಕ್ಲಿನಿಕ್, 2025ರ ಆರಂಭದಲ್ಲಿ ಅಮೆರಿಕದ ವಿದೇಶಿ ನೆರವು ಸ್ಥಗಿತವಾದಾಗ ಬಾಗಿಲು ಹಾಕಬೇಕಾಯಿತು. ಆ ಕ್ಲಿನಿಕ್ ಕೆಲಸದಲ್ಲಿ ಕೊರತೆ ಇತ್ತೆಂದು ನಿಂತದ್ದಲ್ಲ. ಈ ಬಿಕ್ಕಟ್ಟು ದಾಟಿದರೆ ಯಾವ ಒಂದೇ ಮೂಲವೂ ಖರ್ಚಿನ ಮೂರನೇ ಒಂದಕ್ಕಿಂತ ಹೆಚ್ಚು ಹೊರದಂತೆ ನೋಡಿಕೊಳ್ಳಿ, ಅದಕ್ಕೆ ಎರಡು-ಮೂರು ವರ್ಷ ಹಿಡಿದರೂ ಸರಿ.

ಟ್ರಸ್ಟಿಗಳ ಸಭೆ ಇನ್ನು ಮೇಲೆ ವಾರಕ್ಕೊಮ್ಮೆ, ಅರ್ಧ ಗಂಟೆ. ಪಟ್ಟಿಯ ಹೊಸ ಅಂಕಿ, ಮಾಡಿದ ಕರೆಗಳು, ತೆಗೆದುಕೊಂಡ ನಿರ್ಧಾರ, ಇಷ್ಟೇ. ನಿರ್ಧಾರಗಳನ್ನು ನಡಾವಳಿಯಲ್ಲಿ ಬರೆದಿಡಿ, ಎಚ್ಚರದಿಂದ ನಡೆದುಕೊಂಡಿರಿ ಎಂಬುದಕ್ಕೆ ಅದೇ ಸಾಕ್ಷಿ. ಸಿಬ್ಬಂದಿಗೆ ಪೂರ್ತಿ ಅಂಕಿಗಳನ್ನು ತೋರಿಸಿ. ಸುಳಿವು ಅವರಿಗೆ ಹೇಗೂ ಸಿಕ್ಕಿರುತ್ತದೆ, ಕಡಿತ ಎಲ್ಲಿ ಸಾಧ್ಯ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಎಂಟನೇ ವಾರದಲ್ಲಿ ಅಂಕಿ ಕೂಡಿಬರದಿದ್ದರೆ ಕಟ್ಟಡ ಬಿಟ್ಟು ಸೇವೆ ಉಳಿಸುವ ದಾರಿ ಇದೆ. ಒಂದು ಆಸ್ಪತ್ರೆ, ಗ್ರಂಥಾಲಯ ಅಥವಾ ನಂಬಿಕೆಯ ಮತ್ತೊಂದು ಸಂಸ್ಥೆಯಲ್ಲಿ ವಾರಕ್ಕೆ ಎರಡು ಸಂಜೆ ಒಂದು ಕೋಣೆ ಕೇಳಿ. ಬೇರೆ ಬಾಗಿಲಿನಿಂದ ಒಳಬರಬಹುದಾದ ಜಾಗ ಇನ್ನೂ ಒಳ್ಳೆಯದು. ಈ ಮಾತುಕತೆಯನ್ನು ನಾಲ್ಕನೇ ವಾರದಲ್ಲೇ ಶುರು ಮಾಡಿ, ಎಂಟನೇ ವಾರದಲ್ಲಿ ಹೊಸಬರ ಮುಂದೆ ಕೈಚಾಚುವ ಸ್ಥಿತಿ ಬರಬಾರದು.

ಒಂದು ಕೆಲಸವನ್ನು ಮಾತ್ರ ಎಂಟನೇ ವಾರಕ್ಕೆ ಕಾಯದೆ ಈ ವಾರವೇ ಮುಗಿಸಿ. ಬಾಕಿ ಬಿದ್ದ ಬಾಡಿಗೆದಾರರ ಕಚೇರಿಗೆ ಮಾಲೀಕರು ಬೀಗ ಜಡಿಯುವುದುಂಟು. ಆ ದಿನ ಒಳಗೆ ಸಮಾಲೋಚನೆಯ ಟಿಪ್ಪಣಿಗಳು, ಎಚ್‌ಐವಿ ಪರೀಕ್ಷೆಯ ಫಲಿತಾಂಶಗಳು, ಬಂದವರ ಹಳೆಯ-ಹೊಸ ಹೆಸರುಗಳಿರುವ ರಿಜಿಸ್ಟರು ಸಿಕ್ಕಿಕೊಂಡರೆ ದುಡ್ಡು ಕೊಟ್ಟು ಸರಿಪಡಿಸಲು ಆಗುವುದಿಲ್ಲ. ಅಂಥ ಕಡತಗಳ ಪಟ್ಟಿ ಮಾಡಿ, ಬೀಗವಿರುವ ಬೀರುವಿನಲ್ಲಿಟ್ಟು, ಜವಾಬ್ದಾರಿ ಇರುವ ಇಬ್ಬರ ಸಹಿಯೊಂದಿಗೆ ಬೇರೆ ಸುರಕ್ಷಿತ ಜಾಗಕ್ಕೆ ಸಾಗಿಸಿ. ಕಾನೂನು ಇಡಬೇಕೆಂದ ಅವಧಿ ಮುಗಿದವನ್ನು ಚೂರು ಮಾಡಿ ನಾಶಪಡಿಸಿ. ಕಂಪ್ಯೂಟರುಗಳ ಡಿಸ್ಕನ್ನು ಲಾಕ್ ಮಾಡಿ, ಪಾಸ್‌ವರ್ಡ್ ಒಬ್ಬರ ತಲೆಯಲ್ಲಷ್ಟೇ ಇರದಂತೆ ನೋಡಿಕೊಳ್ಳಿ. ವೆಬ್‌ಸೈಟಿನ ಹೆಸರನ್ನು ಐದು ವರ್ಷಕ್ಕೆ ನವೀಕರಿಸಿ. ಅವಧಿ ಮುಗಿದ ವಿಳಾಸವನ್ನು ಬೇರೆ ಯಾರೋ ಕೊಂಡರೆ ಸಹಾಯ ಹುಡುಕಿ ಬಂದವರು ಅವರ ಕೈಗೆ ಸಿಗುತ್ತಾರೆ. ಸಹಾಯವಾಣಿಯ ನಂಬರು ಕೇಂದ್ರದ ಹೆಸರಿನಲ್ಲಿದೆಯೋ ಹಿಂದಿನ ಯಾರೋ ಉದ್ಯೋಗಿಯ ಹೆಸರಿನಲ್ಲಿದೆಯೋ ನೋಡಿ, ಕೇಂದ್ರದ ಹೆಸರಿಗೆ ಬದಲಿಸಿ, ಒಂದು ವರ್ಷದ ಶುಲ್ಕ ಈಗಲೇ ಕಟ್ಟಿಬಿಡಿ.